ಹೊರೆ ಹೊತ್ತವರ ಹಿಂದೆ ಹಾರ್ನು

ಸಂಚಾರ ನಿಯಂತ್ರಣದ ಕೆಲಸಕ್ಕೆ ಹೊಸದಾಗಿ ಸೇರುವ ತರುಣರಿಗೆ ಒಂದು ಸೀಟಿ ಕೊಡುತ್ತಾರೆ, ಒಂದು ಟೋಪಿ ಕೊಡುತ್ತಾರೆ, ಕಾಯ್ದೆಯ ಪುಸ್ತಕವನ್ನು ದೂರದಿಂದ ತೋರಿಸುತ್ತಾರೆ. ಹುಲ್ಲಿನ ಹೊರೆಯೊಂದನ್ನು ಮಾತ್ರ ಯಾರೂ ಕೊಡುವುದಿಲ್ಲ. ಕೊಡಬೇಕು ಎಂಬುದು ನನ್ನ ಅಚಲ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಹೇಗೆ ಬಂದೆ ಎಂಬುದನ್ನು, ಮುಂದೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ರಸ್ತೆಯ ಮೇಲೆ ಬಿಸಿಲಿಗೆ ನಿಲ್ಲುವವರ ಉಪಯೋಗಕ್ಕಾಗಿ ಬರೆದಿಡುತ್ತೇನೆ. ಓದಿದವರಿಗೆ ಬಡ್ತಿ ಸಿಗುವುದಿಲ್ಲ. ಆದರೆ ಒಂದೆರಡು ಜೀವ ಉಳಿದಾವು.

ಕನ್ನಡದ ಸೀಮೆಗಳು ಒಂದಾದ ೧೯೫೬ರಲ್ಲಿ ನಾನು ಹುಮನಾಬಾದಿನಲ್ಲಿ ಸಿಪಾಯಿ. ಹೈದರಾಬಾದಿನ ಸಿಪಾಯಿಯಾಗಿ ಮಲಗಿದವನು ಮೈಸೂರಿನ ಸಿಪಾಯಿಯಾಗಿ ಎದ್ದೆ. ಹಾಸಿಗೆ ಮಾತ್ರ ಅದೇ ಇತ್ತು. ಹೊಸ ಸರ್ಕಾರ ಬಂದ ಮೇಲೆ ಹೊಸದೇನಾದರೂ ಆಗಬೇಕಲ್ಲ ಎಂದು, ಸೋಲಾಪುರದ ದೊಡ್ಡ ರಸ್ತೆಗೆ ಕಲ್ಯಾಣದ ರಸ್ತೆ ಸೇರುವ ಕೂಟಿನಲ್ಲಿ ಡಾಂಬರಿನ ಖಾಲಿ ಡ್ರಮ್ಮೊಂದನ್ನು ಬೋರಲು ಹಾಕಿ, ಸುಣ್ಣ ಬಳಿದು, ಅದರ ಮೇಲೆ ನನ್ನನ್ನು ನಿಲ್ಲಿಸಿದರು. ನಿಯಂತ್ರಿಸಲು ಸಂಚಾರ ಎಂಬುದು ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಅದೇ ಬಸ್ಸು. ನಡುವೆ ಟಾಂಗಾ, ಬಂಡಿ, ಎಮ್ಮೆ. ಮೊದಲ ದಿನ ನಾನು ಗಂಭೀರವಾಗಿ ಕೈ ಎತ್ತಿ ಒಂದು ಟಾಂಗಾವನ್ನು ತಡೆದೆ. ಟಾಂಗಾದವನು ಅದನ್ನು ಸಲಾಮು ಎಂದುಕೊಂಡು, ತಾನೂ ಕೈ ಎತ್ತಿ, "ಖೈರಿಯತ್ ಹೈ ಸಾಬ್?" ಎಂದು ಕ್ಷೇಮ ಕೇಳಿ ಮುಂದೆ ಹೋದ. ಕುದುರೆ ಮಾತ್ರ ಒಂದು ಕ್ಷಣ ನಿಂತಿತ್ತು ಎಂದು ನನ್ನ ಸಮಾಧಾನಕ್ಕೆ ಹೇಳಿಕೊಂಡೆ.

ಆಮೇಲೆ ಡಂಗುರ ಸಾರಿಸಿದರು. ಮೇಲಿನಿಂದ ಬಂದದ್ದು ವಾಹನಗಳು ಎಡಕ್ಕೆ ಚಲಿಸಬೇಕು ಎಂಬ ಆದೇಶ. ನಮ್ಮ ಠಾಣೆಯವರು ಧಾರಾಳಿಗಳು. ವಾಹನಗಳಿಗೇ ಏಕೆ ಮೀಸಲಿಡಬೇಕು ಎಂದು ಬಂಡಿ, ಸೈಕಲ್ಲು, ಮನುಷ್ಯ, ದನ, ಸಕಲರೂ ಎಡಕ್ಕೆ ಎಂದು ಸಾರಿಸಿದರು. ಡಂಗುರದವನು ಅಂದು ಓಣಿಯೋಣಿಯಲ್ಲಿ ಎಡಬದಿಗೇ ನಡೆದು ಆದರ್ಶ ತೋರಿದ. ಹುಮನಾಬಾದಿನ ಜನ ಹೇಳಿದ ಮಾತು ಕೇಳುವವರಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಳಿದರು. ಕೇಳಿದ್ದೇ ಮುಂದೆ ತೊಂದರೆಯಾಯಿತು.

ಆ ಕಾಲದ ನಮ್ಮ ಮಹಾಯುದ್ಧವೆಂದರೆ ಸೈಕಲ್ಲಿನ ದೀಪದ್ದು. ಹೊತ್ತು ಮುಳುಗಿದ ಮೇಲೆ ದೀಪವಿಲ್ಲದೆ ಸೈಕಲ್ಲು ಹೊಡೆಯುವುದು ಅಪರಾಧ. ನಿರ್ಣಾ ಕಡೆಯಿಂದ ಬಟ್ಟೆ ಮಾರಲು ಬರುತ್ತಿದ್ದವನೊಬ್ಬ ಹ್ಯಾಂಡಲಿಗೆ ಕಂದೀಲು ಕಟ್ಟಿಕೊಂಡು ಬಂದ. ಕಂದೀಲು ಆರಿತ್ತು.

"ದೀಪ ಎಲ್ಲಿ?" ಎಂದೆ.

"ಇದೇನ್ರಿ ಮತ್ತ? ಕಣ್ಣ ಮುಂದ ಅದ ಅಲ್ರಿ."

"ಉರಿಯಾಕತ್ತಿಲ್ಲಲ್ಲ!"

"ದೀಪ ಇರಬೇಕು ಅಂತ ನಿಮ್ಮ ಕಾಯ್ದೆ. ಎಣ್ಣಿ ಸರ್ಕಾರ ಕೊಡತದೇನ್ರಿ?"

ಇವನಿಗಿಂತ ಬುದ್ಧಿವಂತರು ನನ್ನ ಟೋಪಿ ಕಂಡ ಕೂಡಲೇ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಇಳಿದವನು ಸವಾರನಲ್ಲ. ಅವನು ಪಾದಚಾರಿ. ಪಾದಚಾರಿಗೆ ದೀಪ ಬೇಡ. ನನ್ನೆದುರು "ನಡಕೊಂಡು ಹೊಂಟೀನ್ರಿ ಸಾಬ್, ಹವಾ ಛಲೋ ಅದ" ಎನ್ನುತ್ತ ದಾಟಿ, ಬೇವಿನ ಮರದಾಚೆ ಮತ್ತೆ ಹತ್ತುತ್ತಿದ್ದರು. ಸಂಜೆಯ ಹೊತ್ತಿಗೆ ಇಡೀ ಊರು ಸೈಕಲ್ಲನ್ನು ವಾಯುವಿಹಾರಕ್ಕೆ ಕರೆದೊಯ್ಯುವ ದೃಶ್ಯ ನೋಡುವಂತಿತ್ತು. ಈ ಕಾನೂನಿನ ಸೂಕ್ಷ್ಮವನ್ನು ನೆನಪಿಡಿ. ಕೊನೆಯಲ್ಲಿ ನನಗೇ ಉಪಯೋಗಕ್ಕೆ ಬಂತು.

ಇನ್ನೊಂದು ಪ್ರಕರಣ ನಮ್ಮ ಊರಿನ ಗಣಿತದ ಮಾಸ್ತರರದು. ಸೈಕಲ್ಲಿನ ಮೇಲೆ ಅವರು ಬರುತ್ತಿದ್ದರೆ ಗೆರೆ ಎಳೆದಂತೆ ಬರುತ್ತಿದ್ದರು. ಒಂದು ದಿನ ಬಜಾರಿನಲ್ಲಿ ಹಿಂದಿನಿಂದ ಬಸ್ಸು ಹಾರ್ನು ಹೊಡೆಯಿತು. ಮಾಸ್ತರರು ತಿರುಗಿ ನೋಡಿದರು. ನೋಡಿದ ಕಡೆಗೇ ಹ್ಯಾಂಡಲು ತಿರುಗಿತು. ಬಸ್ಸು ಪುಣ್ಯಕ್ಕೆ ನಿಂತಿತು. ಮಾಸ್ತರರು ನಿಲ್ಲದೆ ಬಜಿ ಅಂಗಡಿಯ ಕಡಲೆ ಹಿಟ್ಟಿನ ಪರಾತದೊಳಗೆ ಎರಡೂ ಕೈ ಊರಿದರು.

ನಾನು ಓಡಿಹೋಗಿ, "ನೋಡಿ ಹೊಡಿಬಾರದೇನ್ರಿ ಮಾಸ್ತರ?" ಎಂದೆ.

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಮಾಸ್ತರರು ಎದ್ದು ನಿಂತು, "ಅಲ್ಲೋ ಮಾರಾಯ, ನೋಡಿದ್ದಕ್ಕೇ ಬಿದ್ದೀನಿ!" ಎಂದರು.

ಬಜಾರು ನಕ್ಕಿತು, ನಾನೂ ನಕ್ಕೆ. ಅದು ನಗುವ ಮಾತಲ್ಲ, ಸಂಚಾರ ಶಾಸ್ತ್ರದ ಮೊದಲ ಸೂತ್ರ ಎಂದು ತಿಳಿಯಲು ನನಗೆ ಹಲವು ವರ್ಷ ಬೇಕಾದವು.

ಆ ವರ್ಷಗಳಲ್ಲಿ ನಾನು ಜಮಾದಾರನಾದೆ. ಆದದ್ದು ಹೇಗೆ ಎಂದು ಬರೆಯಲು ನನಗೂ ಬೇಸರ, ಓದಲು ನಿಮಗೂ ಬೇಸರ. ರಸ್ತೆಗೆ ಆದ ಬಡ್ತಿ ದೊಡ್ಡದು. ಬಸ್ಸುಗಳು ಹೆಚ್ಚಿದವು. ಕಲ್ಯಾಣದವರು ಒಬ್ಬರನ್ನೊಬ್ಬರು ನೋಡಿ ಲಾರಿ ಕೊಳ್ಳತೊಡಗಿದರು. ಹಳ್ಳಿಖೇಡದ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಂತ ಅಗಲವಾಗಿ ಓಡಾಡತೊಡಗಿದವು. ನನ್ನ ಡ್ರಮ್ಮಿಗೆ ಒಂದು ಲಾರಿ ಹಿಂದಿನಿಂದ ಗುದ್ದಿದ್ದರಿಂದ ಅದು ನೆಗ್ಗಿಹೋಯಿತು. ನಾನು ಆಗ ಚಹಾಕ್ಕೆ ಹೋಗಿದ್ದೆ. ಚಹಾದ ಬಗ್ಗೆ ಅಂದಿನಿಂದ ನನಗೆ ವಿಶೇಷ ಗೌರವ.

ಈಗ ಸುಂದ್ರಾಬಾಯಿಯ ವಿಷಯ.

ಊರಿನಿಂದ ಕಲ್ಯಾಣದ ಕಡೆ ಹೋದರೆ ಒಂದು ಹಳ್ಳ, ಹಳ್ಳಕ್ಕೊಂದು ಸಣ್ಣ ಸೇತುವೆ. ಅದರಾಚೆ ಬೌದ್ಧರ ಓಣಿ. ಸುಂದ್ರಾಬಾಯಿ ಅಲ್ಲಿಯವಳು. ಗಂಡನಿಲ್ಲದ ಸಂಸಾರವನ್ನು ತಲೆಯ ಮೇಲೆ ಹೊತ್ತವಳು, ಮಾತಿಗೆ ಹೇಳುತ್ತಿಲ್ಲ. ಹೊಲದ ಬದುವಿನ ಹಸಿ ಹುಲ್ಲು, ಸುಗ್ಗಿ ಕಳೆದ ಮೇಲೆ ಜೋಳದ ಒಣ ದಂಟಿನ ಕಣಿಕಿ, ಆಳುದ್ದದ ಹೊರೆ ಕಟ್ಟಿ, ಅಡ್ಡಲಾಗಿ ತಲೆಗೇರಿಸಿ, ಓಣಿಯ ಹೆಂಗಸರೊಂದಿಗೆ ಬೆಳಿಗ್ಗೆ ಹುಮನಾಬಾದಿಗೆ ಬರುತ್ತಿದ್ದಳು. ಟಾಂಗಾದವರ ಕುದುರೆಗಳೂ ಊರ ಎಮ್ಮೆಗಳೂ ಆಕೆಯ ದಾರಿ ಕಾಯುತ್ತಿದ್ದವು. ಹೊರೆ ಬೆಳಿಗ್ಗೆಯೇ ಮಾರಬೇಕು. ಬಿಸಿಲೇರಿದರೆ ಹುಲ್ಲು ಬಾಡುತ್ತದೆ, ಕೊಳ್ಳುವವರ ಮುಖವೂ ಬಾಡುತ್ತದೆ. ಹೆಂಗಸರು ಬರುತ್ತಿದ್ದದ್ದು ನಾವು ಸಾರಿದಂತೆ ಶಿಸ್ತಾಗಿ ಎಡಬದಿಗೆ. ಕಲ್ಯಾಣದ ಬಸ್ಸೂ ಅದೇ ಹೊತ್ತಿಗೆ, ಅದೇ ಎಡಬದಿಗೆ, ಅವರ ಬೆನ್ನ ಹಿಂದೆ.

ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ಬಸ್ಸು ಗಫಾರ್ ಮಿಯಾನದು. ಆ ರಸ್ತೆಯಲ್ಲಿ ಅವನಷ್ಟು ಜೋಪಾನದ ಡ್ರೈವರು ಇರಲಿಲ್ಲ. ಕೋಳಿ ಅಡ್ಡ ಬಂದರೂ ಬಸ್ಸು ನಿಲ್ಲಿಸಿ ಅದರ ಮನೆತನ ಕೇಳುವವನು. ಸೇತುವೆಯ ಬಳಿ ಬಸ್ಸಿನ ಮೂಲೆ ಕಾಶಿಬಾಯಿ ಎಂಬವಳ ಹೊರೆಗೆ ತಗುಲಿತು. ಹೊರೆಯ ಜೊತೆ ಅವಳೂ ಬಿದ್ದು ಬಲಗೈ ಮುರಿದುಕೊಂಡಳು. ನಾನು ಹೋದಾಗ ಗಫಾರ್ ರಸ್ತೆಯ ಬದಿಯಿಂದ ಎದ್ದು ಬಂದ.

"ಹಾರ್ನ್ ಹೊಡ್ದೀನಿ ಜಮಾದಾರ್ ಸಾಬ್, ಖುದಾ ಕೀ ಕಸಮ್, ಬರಾಬರ್ ಹೊಡ್ದೀನಿ! ಅಲ್ಲೀತನಕ ಸೀದಾ ಹೊಂಟಿದ್ರು. ಹಾರ್ನ್ ಹೊಡ್ದ ಮ್ಯಾಲೇ ಮೈಮ್ಯಾಲ ಬಂದ್ರು!"

ಆಗ ನಮ್ಮ ಠಾಣೆಯ ಮುಖ್ಯಸ್ಥರಾಗಿದ್ದ ಫೌಜದಾರರು ಹಳೇ ಮೈಸೂರಿನ ಕಡೆಯವರು. ಒಳ್ಳೆಯವರು. ಆದೇಶ ಎಂಬ ವಸ್ತುವಿನ ಮೇಲೆ ಅವರಿಗೆ ಬಹಳ ಪ್ರೀತಿ. ಅಂದು ಮಧ್ಯಾಹ್ನವೇ ಹೊರಡಿಸಿದರು: ತಲೆಹೊರೆ ಹೊತ್ತವರು ಹಗಲು ಹೊತ್ತು ಡಾಂಬರು ರಸ್ತೆಯ ಮೇಲೆ ಕಾಲಿಡಕೂಡದು.

"ಅವ್ರ ಪ್ರಾಣಕ್ಕೇ ಒಳ್ಳೇದು ಕಣ್ರೀ ಜಮಾದಾರ್ರೆ," ಎಂದರು. "ರಸ್ತೆ ಮೇಲೆ ಇಲ್ದೇ ಇದ್ರೆ ಬಸ್ಸು ಹೇಗೆ ಹೊಡೆಯುತ್ತೆ? ನೀವೇ ಹೇಳಿ."

ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಊರೇ ಇಲ್ಲದಿದ್ದರೆ ಕಳವೂ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ ನಿಂತು ಹೆಂಗಸರ ಸಾಲನ್ನು ತಡೆಯುವ ಪವಿತ್ರ ಕರ್ತವ್ಯ ನನ್ನದಾಯಿತು. ಆದೇಶ ಓದಿ ಹೇಳಿದೆ. ಸುಂದ್ರಾಬಾಯಿ ಹೊರೆ ಇಳಿಸದೆ ಕೇಳಿದಳು. ಇಳಿಸಿದರೆ ಮತ್ತೆ ಎತ್ತಲು ಇನ್ನೊಬ್ಬರು ಬೇಕು.

"ಮತ್ತ ಎಲ್ಲಿಂದ ಬರಬೇಕ್ರಿ?"

"ಹೊಲದ ಬದುವಿನ ಮ್ಯಾಲಿಂದ ಬರ್ರಿ."

"ಹೊಲದಾಗ ಕಾಲಿಟ್ರ ಹೊಲದ ಧಣ್ಯಾರು ಬೈತಾರ. ಡಾಂಬರಿನ ಮ್ಯಾಲ ಕಾಲಿಟ್ರ ಫೌಜದಾರ್ ಸಾಬರು ಬೈತಾರ. ನಾವೇನು ಗಾಳ್ಯಾಗ ನಡೀಬೇಕೇನ್ರಿ?" ಹಿಂದಿನ ಹೆಂಗಸರು ನಕ್ಕರು. ಆಕೆ ನಗಲಿಲ್ಲ. "ಜಮಾದಾರ್ ಸಾಬ, ಡಾಂಬರು ಯಾರಪ್ಪನ ಹೊಲಾನೂ ಅಲ್ಲ. ನಮ್ಮನ್ನ ಯಾಕ ಬಂದಿ ಅಂತ ಕೇಳಲಾರದ್ದು ಇದೊಂದೇ ರಸ್ತಾ ಅದ. ಇದನ್ನೂ ಕಸಗೊಂಡ್ರ ನಾಳೆ ನನ್ನ ಮನ್ಯಾಗ ಒಲಿ ಹೊತ್ತೂದಿಲ್ಲ, ನೋಡ್ರಿ."

ಹೇಳಿ, ಹಿಂದಿರುಗಿದಳು. ಹಿಂದಿರುಗಿದಳು ಎಂದರೆ ಕುತ್ತಿಗೆ ತಿರುಗಿಸಿ ಅಲ್ಲ. ಹೊರೆಯ ಸಮೇತ, ಇಡೀ ಮೈ, ಬಾಗಿಲು ತೆರೆದಂತೆ. ಕಣಿಕಿಯ ತುದಿ ನನ್ನ ಮೂಗಿನ ಮುಂದೆ ಸುಯ್ಯೆಂದು ಹಾದುಹೋಯಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಲ್ಲೇ ನಿಂತುಬಿಟ್ಟೆ. ಹಿಟ್ಟಿನ ಪರಾತದಲ್ಲಿ ಕೈಯೂರಿದ ಮಾಸ್ತರರು ನೆನಪಾದರು. "ನೋಡಿದ್ದಕ್ಕೇ ಬಿದ್ದೀನಿ!"

ನನ್ನ ಮಾತು ಕೇಳಿ ಬದುವಿನ ದಾರಿ ಹಿಡಿದ ಒಂದಿಬ್ಬರು ಹೆಂಗಸರನ್ನು ಹೊಲದ ಕಾವಲಿನವನು ಬೈದು ಓಡಿಸಿದ. ಅಂದು ಹುಲ್ಲು ಊರಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಟಾಂಗಾದವರು ಠಾಣೆಯ ಮುಂದೆ ಬಂದು, ಕುದುರೆಗಳು ಆದೇಶ ತಿನ್ನುತ್ತಿಲ್ಲ ಎಂದು ಫಿರ್ಯಾದು ಹೇಳಿದರು. ಅವರಿಗೆ ಆದದ್ದು ತೊಂದರೆ. ಓಣಿಯಲ್ಲಿ ಆದದ್ದು ಬೇರೆ. ನಾನು ಕಾಶಿಬಾಯಿಯ ಕೈ ವಿಚಾರಿಸಲು ಹೋದಾಗ ಸುಂದ್ರಾಬಾಯಿ ಮಾರದೆ ಉಳಿದ ಹೊರೆಯ ಪಕ್ಕ ಕೂತಿದ್ದಳು. ಒಲೆ ತಣ್ಣಗಿತ್ತು.

"ಆ ಹೊರಿ ನನ್ನ ತಲಿ ಮ್ಯಾಲ ಇಡ್ರಿ," ಎಂದೆ.

"ಹುಚ್ಚು ಹಿಡದದೇನ್ರಿ ಸಾಬ?"

"ಇಡ್ರಿ ಅಂದೀನಿ."

ಇಬ್ಬರು ಹೆಂಗಸರು ಎತ್ತಿ ಇಟ್ಟರು. ಇಟ್ಟ ಕೂಡಲೇ ನನ್ನ ಕುತ್ತಿಗೆ ಭುಜದೊಳಗೆ ಇಳಿದು ಕಾಣೆಯಾಯಿತು. ಎಡಕ್ಕೆ ನೋಡಲಾಗದು, ಬಲಕ್ಕೆ ನೋಡಲಾಗದು. ಎದುರಿನದು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಹಿಂದೆ ಯಾರೋ ಕೆಮ್ಮಿದರೆ ನೋಡಲು ಇಡೀ ಮೈ ತಿರುಗಿಸಬೇಕು. ತಿರುಗಿದೆ. ಕಣಿಕಿಯ ತುದಿ ಗುಡಿಸಲಿನ ಚಪ್ಪರಕ್ಕೆ ಬಡಿದು ಒಂದು ಗಳ ಕೆಳಗೆ ಬಿತ್ತು.

"ಮನಿನೂ ಕೆಡವಿದ್ರು," ಎಂದಳು ಸುಂದ್ರಾಬಾಯಿ. ಆ ದಿನಗಳಲ್ಲಿ ಆಕೆ ಆಡಿದ ಮೊದಲ ಹಗುರ ಮಾತು ಅದು.

ನನಗೆ ದಾರಿ ಕಂಡಿತ್ತು. ಹಾರ್ನು ಎಂದರೆ "ಸರಿಯಿರಿ" ಎಂದು ಡ್ರೈವರು ತಿಳಿದಿದ್ದಾನೆ. ಹೊರೆ ಹೊತ್ತವಳಿಗೆ ಅದು "ತಿರುಗಿ ನೋಡು" ಎಂದು ಕೇಳುತ್ತದೆ. ತಿರುಗಿದರೆ ಆಳುದ್ದದ ಹೊರೆ ಗೇಟಿನಂತೆ ರಸ್ತೆಗೆ ಅಡ್ಡ ಬರುತ್ತದೆ. ಗಫಾರ್ ಸುಳ್ಳು ಹೇಳಿರಲಿಲ್ಲ. ಹಾರ್ನು ಹೊಡೆದದ್ದರಿಂದಲೇ ಅವರು ಬಸ್ಸಿನ ಮೇಲೆ ಬಂದರು. ಅವರ ಬೆನ್ನನ್ನು ಬಸ್ಸಿನ ಕಡೆಗೆ ಮಾಡಿ ನಡೆಸಿದ್ದು ನಮ್ಮ ಡಂಗುರ. ಅವರು ಬಲಬದಿಗೆ ನಡೆದರೆ ಪಕ್ಕದಲ್ಲಿ ಹಾಯುವ ಗಾಡಿ ಎದುರಿನಿಂದ ಬರುತ್ತದೆ. ಹೊರೆ ಹೊತ್ತವಳಿಗೆ ಚೆನ್ನಾಗಿ ಕಾಣುವುದು ಅದೊಂದೇ ದಿಕ್ಕು.

ಇದನ್ನು ಫೌಜದಾರರಿಗೆ ಬಾಯಲ್ಲಿ ಹೇಳಿದೆ. "ಕಾಯ್ದೆ ಎಡಕ್ಕೆ ಅನ್ನುತ್ತೆ, ನೀವು ಬಲಕ್ಕೆ ಅಂತೀರಿ. ಜನ ನಗ್ತಾರೆ ಕಣ್ರೀ," ಎಂದರು. ಬಾಯಲ್ಲಿ ಆಗದ್ದನ್ನು ತಲೆಯಲ್ಲಿ ಮಾಡುವುದೆಂದು ನಿರ್ಧರಿಸಿದೆ. ಸ್ಥಳ ಪರಿಶೀಲನೆಗೆ ಬರಬೇಕೆಂದು ವಿನಂತಿಸಿದೆ. ಪರಿಶೀಲನೆ ಎಂಬ ಮಾತಿಗೆ ಅವರು ಎಂದೂ ಇಲ್ಲವೆಂದವರಲ್ಲ.

ಆ ಬೆಳಿಗ್ಗೆ ಸೇತುವೆಯ ಬಳಿ ಓಣಿಯವರೆಲ್ಲ ಸೇರಿದ್ದರು. ಟಾಂಗಾದವರು ಬಂದಿದ್ದರು. ಗಫಾರ್ ರಜೆಯ ದಿನ ಜೀಪು ನಡೆಸಲು ಒಪ್ಪಿ ಬಂದಿದ್ದ. ನಾನು ಪೂರ್ಣ ಸಮವಸ್ತ್ರದಲ್ಲಿ, ಟೋಪಿಯ ಜಾಗದಲ್ಲಿ ಸಿಂಬಿ ಇಟ್ಟುಕೊಂಡು, ಅದರ ಮೇಲೆ ಕಣಿಕಿ ಹೊತ್ತು, ಸರ್ಕಾರದ ಗೌರವಕ್ಕೆ ಕುಂದು ಬಾರದಂತೆ ಎಡಬದಿಗೆ ನಡೆಯತೊಡಗಿದೆ. ಹಿಂದಿನಿಂದ ತೆರೆದ ಜೀಪು ನಿಧಾನವಾಗಿ ಬಂತು. ಅದರಲ್ಲಿ ಫೌಜದಾರರು. ನಾನು ಮೊದಲೇ ಹೇಳಿದ್ದೆ: "ಹಾರ್ನ್ ಹೊಡಸ್ರಿ ಸಾಬ್, ನಾ ಏನ್ ಮಾಡತೀನಿ ನೋಡ್ರಿ."

ಹಾರ್ನು ಕೇಳಿತು. ಎಲ್ಲ ತಿಳಿದವನು ನಾನೇ. ತಿರುಗಬಾರದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೂ ಇದ್ದೆ. ಆದರೂ ಬೆನ್ನ ಹಿಂದೆ ಹಾರ್ನು ಕೇಳಿದರೆ ಮೈ ನಮ್ಮ ಮಾತು ಕೇಳುವುದಿಲ್ಲ. ತಿರುಗಿದೆ. ಹೊರೆ ತಿರುಗಿತು. ಗಫಾರ್ ಬ್ರೇಕು ಒತ್ತಿದ. ಕಣಿಕಿಯ ತುದಿ ಜೀಪಿನೊಳಗೆ ಹಾದು ಫೌಜದಾರರ ಟೋಪಿಯನ್ನು ಎತ್ತಿಕೊಂಡು ಹೋಗಿ ಹಳ್ಳದ ಕಡೆ ಎಸೆಯಿತು.

ಗಫಾರ್ ಮೆಲ್ಲಗೆ, "ಹಾರ್ನ್ ಬರಾಬರ್ ಹೊಡ್ದೀನಿ ಸಾಬ್," ಎಂದ.

ಫೌಜದಾರರು ಬರಿದಲೆಯನ್ನು ಒಮ್ಮೆ ಸವರಿಕೊಂಡರು. ಆಮೇಲೆ, "ಇನ್ನೊಂದು ಸಲ. ಈಗ ಎದುರುಗಡೆಯಿಂದ," ಎಂದರು. ನಾನು ಬಲಬದಿಗೆ ನಡೆದೆ, ಜೀಪು ಎದುರಿನಿಂದ ಬಂತು. ಬರುವುದು ನನಗೆ ದೂರದಿಂದಲೇ ಕಂಡಿತು. ಎರಡು ಹೆಜ್ಜೆ ಮಣ್ಣಿಗೆ ಸರಿದು ನಿಂತೆ. ಜೀಪು ಸುಮ್ಮನೆ ದಾಟಿಹೋಯಿತು. ಎಷ್ಟು ಸಪ್ಪೆಯಾಗಿತ್ತೆಂದರೆ ಟಾಂಗಾದವರಿಗೆ ನಿರಾಶೆಯಾಯಿತು. ಸಂಚಾರದಲ್ಲಿ ಸಪ್ಪೆಯೇ ಸಾಧನೆ. ತರುಣರು ಈ ವಾಕ್ಯವನ್ನು ಗೋಡೆಗೆ ಬರೆದುಕೊಂಡರೂ ಅಡ್ಡಿಯಿಲ್ಲ.

ಆದೇಶವನ್ನು ರದ್ದು ಮಾಡುವುದು ಫೌಜದಾರರ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ತಡೆಹಿಡಿದರು. "ಯುಗಾದಿವರೆಗೆ ನೋಡೋಣ. ಅಷ್ಟರೊಳಗೆ ಸೇತುವೆ ಹತ್ರ ಒಂದೇ ಒಂದು ಘಟನೆ ಆದ್ರೂ ಹೊರೆಯವರು ರಸ್ತೆ ಬಿಡಬೇಕು, ನೀವು ಮಾತಾಡಕೂಡದು," ಎಂದರು. ಒಪ್ಪಿದೆ.

ಒಪ್ಪುವುದು ಸುಲಭ. ಎಡಕ್ಕೆ ಎಂದು ವರ್ಷಗಟ್ಟಲೆ ಅರಚಿದ ಬಾಯಿಂದಲೇ ಬಲಕ್ಕೆ ಎಂದಾಗ ಓಣಿಯ ಮುದುಕರು, "ನಾಳೆ ನಡುವ ಅಂತೀರೇನ್ರಿ?" ಎಂದು ಕೇಳಿದರು. ಎಡ ಬಲ ಎಂದರೆ ಗೊಂದಲವಾಗುತ್ತಿತ್ತು. ಕುಡಗೋಲು ಹಿಡಿಯುವ ಕೈಯ ಕಡೆ ನಡೆಯಿರಿ ಎಂದು ಹೇಳಿಕೊಟ್ಟೆ. ಎಲ್ಲರೂ ಬಲಕ್ಕೆ ಬಂದರು, ಕಾಶಿಬಾಯಿ ಒಬ್ಬಳೇ ಎಡಕ್ಕೆ ಹೊರಟಳು. ಏಕೆಂದು ಕೇಳಿದರೆ, "ಬಲಗೈ ಮುರದದಲ್ರಿ, ಈಗ ಎಡಗೈಲೇ ಕೊಯ್ಯಾಕತ್ತೀನಿ," ಎಂದಳು. ನಿಯಮ ಬರೆಯುವವರು ಮುರಿದ ಕೈಗಳನ್ನು ನೆನಪಿನಲ್ಲಿಡಬೇಕು.

ಡ್ರೈವರುಗಳು ಇನ್ನೂ ಕಷ್ಟ. ಸೇತುವೆಯ ಹತ್ತಿರ ಹೊರೆಯವರ ಸಾಲು ಕಂಡರೆ ಹಾರ್ನು ಬೇಡ, ವೇಗ ಇಳಿಸಿ, ಅಂತರ ಬಿಟ್ಟು ಹೋಗಿ ಎಂದೆ. ಕಲ್ಯಾಣದ ಲಾರಿಯವನೊಬ್ಬ ಎದೆ ಮುಂದೆ ಮಾಡಿ, "ಹಾರ್ನ್ ಹೊಡಿಲಿಲ್ಲಂದ್ರ ನಾ ಬರೋದು ಅವರಿಗೆ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಕೇಳಿದ.

ಉತ್ತರ ಕೊಟ್ಟವನು ಗಫಾರ್. "ಅವರಿಗೆ ಯಾಕ ಗೊತ್ತಾಗಬೇಕೋ? ಅವರು ಇರೋದು ನಿನಗ ಗೊತ್ತದ ಅಲ್ಲ, ಬಸ್. ಬ್ರೇಕ್ ನಿನ್ನ ಕಾಲಾಗ ಅದ. ಅವರ ಕಾಲಾಗ ಚಪ್ಪಲಿನೂ ಇಲ್ಲ."

ಸೈಕಲ್ಲಿನವರಿಗೆ ಎಡಬದಿಯೇ ಗಟ್ಟಿ ಎಂದೆ. ಅವರು ಗಾಡಿಗಳ ಜಾತಿ. ಹಿಂದೆ ನೋಡಬೇಕೆನಿಸಿದರೆ ಬದಿಗೆ ನಿಂತು ಇಳಿದು ನೋಡಬೇಕು. ಈ ಪಾಠಕ್ಕೆ ಗಣಿತದ ಮಾಸ್ತರರನ್ನೇ ಶಾಲೆಯ ಅಂಗಳಕ್ಕೆ ಕರೆದೆ. ಹಿಟ್ಟಿನ ಪ್ರಕರಣವನ್ನು ಅವರು ಘನತೆಯಿಂದ ವಿವರಿಸಿದರು, ಮಕ್ಕಳು ಘನತೆಯಿಲ್ಲದೆ ನಕ್ಕರು. ಮರೆಯಲಿಲ್ಲ.

ಯುಗಾದಿ ಹತ್ತಿರ ಬಂತು. ಘಟನೆ ಏನೂ ಆಗಲಿಲ್ಲ. ಹಬ್ಬದ ಮುಂಚಿನ ಒಂದು ಬೆಳಿಗ್ಗೆ ಆಯಿತು.

ನಾನು ಸೇತುವೆಯ ಮೇಲೆ ನಿಂತಿದ್ದೆ. ಹೆಂಗಸರು ಬಲಬದಿಗೆ ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ಮುಂದೆ ಸುಂದ್ರಾಬಾಯಿ. ಹುಮನಾಬಾದಿನ ಕಡೆಯಿಂದ ಒಂದು ಲಾರಿ ನನ್ನನ್ನು ದಾಟಿತು. ದಾಟಿದ ಸ್ವಲ್ಪ ದೂರಕ್ಕೆ ಅದರ ಸ್ಟೇರಿಂಗಿನ ರಾಡು ಕಳಚಿತು. ಲಾರಿ ಎಡಕ್ಕೆ ವಾಲಿ, ಡಾಂಬರು ಬಿಟ್ಟು, ನೇರ ಹೆಂಗಸರ ಸಾಲಿನ ಮೇಲೆ ಹೊರಟಿತು. ನಾನು ಸೀಟಿ ಊದಿದೆನೋ ಇಲ್ಲವೋ ನೆನಪಿಲ್ಲ. ಸುಂದ್ರಾಬಾಯಿಯ ಕೂಗು ಮಾತ್ರ ನೆನಪಿದೆ. "ಒಗೀರಿ! ಹಾರ್ರಿ!" ಹೊರೆಗಳು ನೆಲಕ್ಕೆ ಬಿದ್ದವು. ಹೆಂಗಸರು ಹಳ್ಳದ ಇಳಿಜಾರಿಗೆ ಹಾರಿದರು. ಲಾರಿ ಹೊರೆಗಳ ಮೇಲೇರಿ, ಹುಲ್ಲಿನಲ್ಲಿ ಹೂತು ನಿಂತಿತು.

ಓಡಿದೆ. ಇಳಿಜಾರಿನಲ್ಲಿ ಒಬ್ಬೊಬ್ಬರೇ ಎದ್ದು ಕೂರುತ್ತಿದ್ದರು. ತರಚಿದ ಮೊಣಕಾಲು, ಹರಿದ ಸೀರೆ, ಯಾರದೋ ಒಡೆದ ಬಳೆ. ಎಲ್ಲರೂ ಇದ್ದರು. ಲಾರಿಯ ಡ್ರೈವರು ಇಳಿದು, ಬಿಳಿಚಿದ ಮುಖದಲ್ಲಿ ನನಗೆ ಕೈ ಮುಗಿದ. "ಹಾರ್ನ್ ಹೊಡಿಲಿಲ್ಲ ಸಾಬ, ಇಲ್ಲಿ ಹೊಡಿಬಾರದಂತಲ್ರಿ." ಎದೆ ಮುಂದೆ ಮಾಡಿ ವಾದಿಸಿದ್ದ ಅದೇ ಮನುಷ್ಯ.

ಫೌಜದಾರರು ಜೀಪಿನಲ್ಲಿ ಬಂದರು. ಲಾರಿ ನೋಡಿದರು, ಚಕ್ರದಡಿಯ ಹೊರೆ ನೋಡಿದರು. "ಘಟನೆ ಆಯ್ತಲ್ಲ ಜಮಾದಾರ್ರೆ," ಎಂದರು. ದನಿಯಲ್ಲಿ ಗೆಲುವಿರಲಿಲ್ಲ, ಹೆದರಿಕೆ ಇತ್ತು.

ಮಾತಾಡಕೂಡದೆಂದು ಒಪ್ಪಿದವನು ನಾನು. ಸುಂದ್ರಾಬಾಯಿ ಒಪ್ಪಿರಲಿಲ್ಲ. ಇಳಿಜಾರು ಹತ್ತಿ ಬಂದು ಎದುರಿಗೆ ನಿಂತಳು.

"ಹುಲ್ಲು ಸತ್ತದ ಸಾಬ, ನಾವು ಸತ್ತಿಲ್ಲ."

"ಅಲ್ಲಮ್ಮ, ನೀವು ಮೊದಲಿನ ಹಾಗೆ ಎಡಗಡೆ ಇದ್ದಿದ್ರೆ ಈ ಲಾರಿ ನಿಮ್ಮ ಹತ್ರಾನೂ ಬರ್ತಿರಲಿಲ್ಲ."

ಮಾತು ಸರಿಯಾಗಿತ್ತು. ನನಗೂ ಅದೇ ಹೊಳೆದಿತ್ತು.

"ಬರ್ತಿರಲಿಲ್ಲ, ಖರೇ," ಎಂದಳು ಆಕೆ. "ನಾಳೆ ಹಿಂದ ಬರೋ ಲಾರಿದು ರಾಡು ಕಳಚತದ. ಇವತ್ತು ಯಾವ ಲಾರಿದು ಕಳಚತದ ಅಂತ ನಮಗ ಹೇಳಿ ಕಳಸತಾರೇನ್ರಿ? ಎದುರಿಗೆ ಬರೋ ಸಾವು ಕಂಡ್ರ ಹಾರತೀವಿ. ಬೆನ್ನ ಹಿಂದ ಬರೋದಕ್ಕ ಏನ್ ಮಾಡೂನು? ಹಾರಲಿಕ್ಕ ಒಂದು ಅವಕಾಶ ಕೊಡ್ರಿ ಅಂತೀನಿ. ಮತ್ತೇನು ಕೇಳಿಲ್ಲ."

ಫೌಜದಾರರು ಟೋಪಿ ತೆಗೆದರು. ಈ ಸಲ ಯಾವ ಹೊರೆಯೂ ತಾಕಿರಲಿಲ್ಲ. "ಜಮಾದಾರ್ರೆ, ಡಂಗುರದವನಿಗೆ ಹೇಳಿ ಕಳಿಸಿ," ಎಂದರು. "ನಡೆಯೋರು ಎದುರು ನೋಡ್ಕೊಂಡು ನಡೀಲಿ. ನನ್ನ ಹೆಸರಿನಲ್ಲೇ ಸಾರಿಸಿ." ಆಮೇಲೆ ಲಾರಿಯವನ ಕಡೆ ತಿರುಗಿ, "ಹಾಳಾದ ಹುಲ್ಲಿನ ದುಡ್ಡು ಕೊಟ್ಟು ಹೋಗಪ್ಪಾ," ಎಂದರು. ಆದೇಶಪ್ರಿಯರಾದ ಅವರು ಹೊರಡಿಸಿದ ಆದೇಶಗಳಲ್ಲಿ ನನಗೆ ಬಾಯಿಪಾಠವಿರುವುದು ಇದೊಂದೇ.

ಆಮೇಲೆ ನನ್ನನ್ನು ಕಲ್ಯಾಣಕ್ಕೆ ಹಾಕಿದರು. ಅಲ್ಲಿ ಲಾರಿಗಳಿಗೆ ಜಾಗ ಬಿಡುತ್ತ ಮನುಷ್ಯರು ಗೋಡೆಗೆ ಅಂಟಿ ನಡೆಯುತ್ತಿದ್ದರು. ಅಲ್ಲಿಯೂ ಹೊರೆ ಹೊತ್ತು ತೋರಿಸಿದೆ. ಮನ್ನಾಏಖೇಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ತೋರಿಸಿದೆ. ಹೊರೆ ಜಮಾದಾರ ಎಂದು ಹೆಸರಾಯಿತು. ನಗುವವರು ನಕ್ಕರು. ನಗುವುದಕ್ಕೆ ಜೀವಂತ ಇರಬೇಕಲ್ಲ, ಆದ್ದರಿಂದ ನನಗೆ ಬೇಸರವಾಗಲಿಲ್ಲ.

ನಿವೃತ್ತಿಯಾದ ಮೇಲೆ ಎಂಬತ್ತರ ದಶಕದ ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಆ ಸೇತುವೆಯ ಕಡೆ ಹೋಗಿದ್ದೆ. ಎಡಬದಿಗೆ, ಹಿಂದೆ ನೋಡದೆ. ಟಾಂಗಾಗಳು ಕಣ್ಮರೆಯಾಗಿದ್ದವು, ಎಮ್ಮೆಗಳು ಉಳಿದಿದ್ದವು. ಆಚೆ ಬದಿಗೆ, ನಾನು ಹೋಗುತ್ತಿದ್ದ ದಿಕ್ಕಿಗೇ ಒಬ್ಬ ಮುದುಕಿ ನಡೆಯುತ್ತಿದ್ದಳು. ತಲೆಯ ಮೇಲೆ ಏನೂ ಇರಲಿಲ್ಲ. ಆದರೂ ಕುತ್ತಿಗೆ ನೆ‌ಟ್ಟಗೆ, ದೃಷ್ಟಿ ಎದುರಿಗೆ. ನಡಿಗೆಯಿಂದಲೇ ಗುರುತು ಸಿಕ್ಕಿತು. "ಸುಂದ್ರಾಬಾಯಿ" ಎಂದು ಕೂಗಲು ಬಾಯಿ ತೆರೆದೆ. ತೆರೆದು, ಮುಚ್ಚಿದೆ. ಹಿಂದಿನಿಂದ ಕೂಗಿದರೆ ತಿರುಗುತ್ತಾಳೆ.

ಸುಮ್ಮನೆ ಮುಂದೆ ಹೋಗಿ, ಇಳಿದು, ರಸ್ತೆ ದಾಟಿ, ಸೈಕಲ್ಲು ತಳ್ಳಿಕೊಂಡು ಆಕೆಯ ಎದುರಿಗೆ ಬಂದೆ. ದೂರದಿಂದಲೇ ನೋಡಿದಳು. ಗುರುತು ಹಿಡಿದಳು ಎಂಬುದು ಮುಖದಲ್ಲಿ ಕಂಡಿತು. ಕ್ಷೇಮಸಮಾಚಾರ ಕೇಳಲಿಲ್ಲ.

"ಎಡಕ್ಕ ಹೊಂಟಿದ್ದ ಸೈಕಲ್ಲು ನಡಿಯೋರ ಬದಿಗೆ ಯಾಕ ಬಂತ್ರಿ ಜಮಾದಾರ್ ಸಾಬ?"

"ಇಳದೀನಲ್ಲ, ನೋಡ್ರಿ," ಎಂದೆ. "ಇಳದಾವ ಸವಾರ ಅಲ್ಲ. ಈಗ ನಾನೂ ನಡಿಯಾವ."

ಆಕೆ ನನ್ನನ್ನೂ ಸೈಕಲ್ಲನ್ನೂ ಒಮ್ಮೆ ಅಳೆದಳು. ಹುಮನಾಬಾದಿನ ಸೈಕಲ್ಲಿನವರೆಲ್ಲ ನನಗೆ ಹೇಳಿದ ಸುಳ್ಳನ್ನು ಆಕೆ ಒಂದೇ ನೋಟದಲ್ಲಿ ಕಂಡಂತಿತ್ತು.

"ನಡಿಯಾವ ಆದ್ರ ಎದುರು ಮಾರಿ ಮಾಡಿ ಬರೋ ಗಾಡಿ ನೋಡ್ರಿ. ಈಗ ನಿಮ್ಮ ಬೆನ್ನು ಗಾಡಿ ಕಡೆ ಅದ," ಎಂದಳು. "ಹೊಳ್ಳಿ, ಸಾಲಿನ್ಯಾಗ ಬರ್ರಿ."

ಹೊರಳಿದೆ. ಆಕೆ ಮುಂದಾದಳು. ಎದುರಿನಿಂದ ಒಂದು ಬಸ್ಸು ಬಂದು, ವೇಗ ಇಳಿಸಿ, ಹಾರ್ನು ಹೊಡೆಯದೆ ದಾಟಿಹೋಯಿತು. ನಾನು ಸೈಕಲ್ಲು ತಳ್ಳುತ್ತ ಆಕೆಯ ಹಿಂದೆ ನಡೆದೆ.